ಎರಡು ಗುರುವಿನ ತೂಕ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ನಾಲ್ಕನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿ, ಪಟ್ಟಾಭಿರಾಮ ಎಂಬ ಹಿರಿಯೂರಿನ ಮನುಷ್ಯ ಮೂರು ವರ್ಷದಿಂದ ಒಬ್ಬನೇ ಇದ್ದ. ಎಷ್ಟು ಒಬ್ಬನೇ ಎಂದರೆ, ಅವನ ಮನೆಯ ಕರೆಗಂಟೆ ಕೆಟ್ಟು ವರ್ಷ ದಾಟಿದ ಮೇಲೆ ಅದು ಕೆಟ್ಟಿದೆ ಎಂದು ಅವನಿಗೆ ಗೊತ್ತಾಯಿತು. ಅದೂ ಒಂದು ದಿನ ಬೇಸರ ಕಳೆಯಲು ಅವನೇ ಬಾಗಿಲ ಹೊರಗೆ ನಿಂತು ಒತ್ತಿ ನೋಡಿದ್ದರಿಂದ.

ಹಾಗಂತ ಅಕ್ಕಪಕ್ಕದವರು ಕೆಟ್ಟವರೇನಲ್ಲ. ಎದುರು ಮನೆಯ ಪಟೇಲರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಕೇಮ್ ಛೋ?" ಎನ್ನುತ್ತಿದ್ದರು. ಇವನು "ಮಜಾಮಾ", ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಅಷ್ಟರಲ್ಲಿ ಲಿಫ್ಟು ನೆಲ ಮುಟ್ಟುತ್ತಿತ್ತು. ಟೈಫಾಯಿಡ್ ಬಂದು ಗೋಡೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟ ದಿನವೂ ಇವನು "ಮಜಾಮಾ" ಎಂದೇ ಹೇಳಿದ್ದ. ಊರಿನಿಂದ ಅಕ್ಕ ಯುಗಾದಿಗೊಂದು, ದೀಪಾವಳಿಗೊಂದು ಫೋನ್ ಮಾಡುತ್ತಿದ್ದಳು. ಉಳಿದ ದಿನ ಆ ಫೋನಿನ ಮೇಲೆ ಅವನು ಒದ್ದೆ ಟವೆಲ್ ಒಣಹಾಕುತ್ತಿದ್ದ.

ಅವನ ಕೆಲಸ ಗ್ರಹ ತೂಗುವುದು. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆ ಸಂಬಳ ಕೊಡುತ್ತಿದ್ದರು. ಖಗೋಳದವರೆಂದರೆ ರಾತ್ರಿಯೆಲ್ಲ ಕೊಳವೆಗೆ ಕಣ್ಣಿಟ್ಟು ಕೂತಿರುತ್ತಾರೆ ಎಂದು ಜನ ತಿಳಿದಿದ್ದಾರೆ. ಪಟ್ಟಾಭಿರಾಮ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಐದೂವರೆಗೆ ಬರುತ್ತಿದ್ದ. ದೂರದರ್ಶಕ ಇದ್ದದ್ದು ಬೇರೆ ಖಂಡದಲ್ಲಿ. ಅದು ಹಿಡಿದ ನಕ್ಷತ್ರದ ಬೆಳಕು ಸಿ.ಡಿ.ಯಲ್ಲಿ ಕೂತು ಕೊರಿಯರಿನಲ್ಲಿ ಬರುತ್ತಿತ್ತು. ಒಮ್ಮೆ ಪಟೇಲರ ಮನೆಯವರು ಅದನ್ನು ಮದುವೆಯ ವಿಡಿಯೋ ಎಂದು ತೆಗೆದುಕೊಂಡು, ಒಂದು ಸಂಜೆಯೆಲ್ಲ ಟೀವಿಯಲ್ಲಿ ಹಾಕಲು ಪರದಾಡಿದ್ದರು.

ನಕ್ಷತ್ರ ಇದ್ದದ್ದು ವೃಷಭ ರಾಶಿಯ ದಿಕ್ಕಿನಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ, ಹೆಸರಿಲ್ಲ, ಬರೀ ನಂಬರು. ವಯಸ್ಸು ಕೆಲವು ಕೋಟಿ ವರ್ಷ, ನಮ್ಮ ಸೂರ್ಯನ ಮುಂದೆ ಇನ್ನೂ ಹಲ್ಲು ಬಾರದ ಕೂಸು. ಅದರ ಸುತ್ತ ಗ್ರಹವಿದ್ದರೂ ಕಾಣುವುದಿಲ್ಲ. ಆದರೆ ಗ್ರಹ ಸುತ್ತುತ್ತ ಸುತ್ತುತ್ತ ನಕ್ಷತ್ರವನ್ನು ಕೊಂಚ ಎಳೆದಾಡುತ್ತದೆ. ನಕ್ಷತ್ರ ಒಮ್ಮೆ ನಮ್ಮ ಕಡೆ ಬರುತ್ತದೆ, ಒಮ್ಮೆ ಆಚೆ ಸರಿಯುತ್ತದೆ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹಾಸಿದರೆ ನಡುನಡುವೆ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರ ಇತ್ತ ಬಂದಾಗ ಗೆರೆಗಳು ನೀಲಿಯ ಕಡೆಗೆ, ಅತ್ತ ಹೋದಾಗ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಜರುಗುತ್ತವೆ. ಎಷ್ಟು ಜರುಗಿದವು ಎಂದು ಅಳೆದರೆ ಎಳೆದವನ ತೂಕ ಸಿಕ್ಕಿತು. ಕತ್ತಲ ಕೋಣೆಯಲ್ಲಿ ಮಲಗಿದವನ ತೂಕವನ್ನು ಮಂಚದ ಕಿರುಗುಟ್ಟುವಿಕೆಯಿಂದ ಹೇಳಿದ ಹಾಗೆ.

ಪಟ್ಟಾಭಿರಾಮನ ಮಂಚ ಒಂಬತ್ತು ದಿನಕ್ಕೊಮ್ಮೆ ಲೆಕ್ಕ ತಪ್ಪದೆ ಕಿರುಗುಟ್ಟುತ್ತಿತ್ತು. ಲೆಕ್ಕ ಹಾಕಿದ. ಗ್ರಹ ನಮ್ಮ ಗುರುಗ್ರಹದ ಎರಡರಷ್ಟು ತೂಗಿತು. ಆ ಸಂಜೆ ಅನ್ನಕ್ಕಿಟ್ಟು ಕೂತವನು, ಯಾರೂ ಇಲ್ಲದ ಅಡುಗೆಮನೆಯಲ್ಲಿ, "ಏನಪ್ಪಾ, ನಿಂದು ಊಟ ಆಯ್ತಾ?" ಎಂದು ಗ್ರಹವನ್ನು ಕೇಳಿದ. ಮೂರು ವರ್ಷದಲ್ಲಿ ಆ ಮನೆಯೊಳಗೆ ಯಾರಾದರೂ ಯಾರನ್ನಾದರೂ ಕೇಳಿದ ಮೊದಲ ಕುಶಲಪ್ರಶ್ನೆ ಅದು.

ಅದಾದ ಸ್ವಲ್ಪ ದಿನಕ್ಕೆ, ಎರಡು ಸಾವಿರದ ಮೂರರ ಏಪ್ರಿಲ್ಲಿನಲ್ಲಿ, ಉಪನ್ಯಾಸ ಕೊಡಲು ಅವನನ್ನು ವಡೋದರಕ್ಕೆ ಕಳಿಸಿದರು. ಉಪನ್ಯಾಸ ಮುಗಿಸಿ ಹಸಿದು ಫತೇಗಂಜ್‌ನಲ್ಲಿ ಅಲೆಯುವಾಗ ಒಂದು ಉಡುಪಿ ಹೋಟೆಲ್ಲಿನ ಬೋರ್ಡು ಕಂಡಿತು. ಒಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಂದಾಪುರ ಕಡೆಯ ಸುಬ್ಬರಾಯರು ಕೂತಿದ್ದರು. ಹೋಟೆಲ್ಲಿನ ಮಾಲೀಕರು, ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು, ಮತ್ತು ಗುಜರಾತಿನಲ್ಲಿ ಕನ್ನಡ ಮಾತಾಡುವವನು ಯಾರೇ ಸಿಕ್ಕರೂ ಅವನ ವಂಶವೃಕ್ಷ ತಿಳಿಯದೆ ಬಿಲ್ ಕೊಡದ ಮನುಷ್ಯ.

"ಎಂತ ಕೆಲ್ಸ ನಿಮ್ದು?" ಎಂದರು ಸುಬ್ಬರಾಯರು.

ಬೇರೆ ದಿನವಾಗಿದ್ದರೆ ಪಟ್ಟಾಭಿರಾಮ "ಕಂಪ್ಯೂಟರ್" ಎಂದು ತಪ್ಪಿಸಿಕೊಳ್ಳುತ್ತಿದ್ದ. ಅವತ್ತು ಬಾಯಿಗೆ ಎಷ್ಟೋ ತಿಂಗಳ ಮೇಲೆ ಕನ್ನಡ ಸಿಕ್ಕಿತ್ತು, ಹೊಟ್ಟೆಗೆ ಗೋಳಿಬಜೆ ಸಿಕ್ಕಿತ್ತು. "ಗ್ರಹ ತೂಗ್ತೀನಿ ಸಾರ್" ಎಂದುಬಿಟ್ಟ.

ಸುಬ್ಬರಾಯರು ಕೊಡುತ್ತಿದ್ದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದುಕೊಂಡರು. "ಯಾವ ಗ್ರಹ?"

"ಹೊಸದು. ಇನ್ನೂ ಯಾರಿಗೂ ಗೊತ್ತಿಲ್ಲ."

"ಎಷ್ಟು ಬರ್ತದೆ ತೂಕ?"

"ಎರಡು ಗುರು."

ಇದೇ ಅವನು ಮಾಡಿದ ತಪ್ಪು. ಇಷ್ಟು ಕೋಟಿ ಕೋಟಿ ಟನ್ ಎಂದಿದ್ದರೆ ಸುಬ್ಬರಾಯರು "ಹೌದಾ" ಎಂದು ಚಿಲ್ಲರೆ ಕೊಟ್ಟು ಕಳಿಸುತ್ತಿದ್ದರು. ಗುರು ಎಂದರೆ ಹಾಗಲ್ಲ. ಗುರು ಮನೆಯ ಹಿರಿಯನಿದ್ದ ಹಾಗೆ. ಜಾತಕದಲ್ಲಿ ಎಲ್ಲಿ ಕೂತಿದ್ದಾನೆ ಎಂದು ವಿಚಾರಿಸದೆ ಯಾರೂ ಮದುವೆ ಛತ್ರಕ್ಕೆ ಮುಂಗಡ ಕೊಡುವುದಿಲ್ಲ.

"ಎರಡು ಗುರು!" ಎಂದು ಸುಬ್ಬರಾಯರು ಎದ್ದು ನಿಂತು ಒಳಗೆ ಕೂಗಿದರು, "ಜಯಂತೀ, ಇಲ್ಲಿ ಬಾ ಮಾರಾಯ್ತಿ! ನಮ್ಮವರೊಬ್ರು ಗ್ರಹ ಹಿಡಿದಿದ್ದಾರೆ. ಒಂದಲ್ಲ, ಎರಡು ಗುರುವಿನಷ್ಟು ಉಂಟಂತೆ!"

ಅವರ ಹೆಂಡತಿ ಜಯಂತಮ್ಮ ಕೈ ಒರೆಸಿಕೊಳ್ಳುತ್ತ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗ್ರಹ ಹಿಡಿದವರ ಹಾಗೇ ಕಾಣ್ತಾರೆ. ಪಾಪ, ಸರಿಯಾಗಿ ಊಟ ಮಾಡುದಿಲ್ವಾ ಹೇಗೆ? ಕೂತ್ಕೊಳ್ಳಿ, ಸಾರು ಉಂಟು" ಎಂದರು.

ಸುಬ್ಬರಾಯರು ಬಿಲ್ಲಿನ ದುಡ್ಡು ವಾಪಸು ಕೊಟ್ಟರು. ಬದಲಿಗೆ ಫೋನ್ ನಂಬರು ತೆಗೆದುಕೊಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಒದ್ದೆ ಟವೆಲ್ಲಿನ ಕೆಳಗಿಂದ ಫೋನು ಬಡಿದುಕೊಂಡಿತು. ಪಟ್ಟಾಭಿರಾಮ ಪ್ರೆಷರ್ ಕುಕ್ಕರ್ ಕೂಗಿತೆಂದು ಮೊದಲು ಸ್ಟೌ ಆರಿಸಿದ. ಆಮೇಲೆ ಸ್ಟೌವಿನ ಮೇಲೆ ಕುಕ್ಕರೇ ಇರಲಿಲ್ಲ ಎಂದು ಹೊಳೆಯಿತು.

"ಹೇಗುಂಟು ನಮ್ಮ ಗ್ರಹ?" ಸುಬ್ಬರಾಯರು.

"ಚೆನ್ನಾಗಿದೆ ಸಾರ್."

"ತೂಕ?"

"ಅಷ್ಟೇ ಇದೆ."

"ಇರ್ಲಿ, ಇರ್ಲಿ. ಇಲ್ಲಿ ನಮ್ಮ ಅನಂತರಾಮ್ರಿಗೆ ಕೊಡ್ತೇನೆ, ಮಾತಾಡಿ."

ಹೀಗೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಸಂಘದವರು ಹೋಟೆಲ್ಲಿನಲ್ಲಿ ಸೇರುತ್ತಿದ್ದರು. ಗಲ್ಲಾಪೆಟ್ಟಿಗೆಯ ಫೋನಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಗ್ರಹದ ಆರೋಗ್ಯ ವಿಚಾರಿಸುತ್ತಿದ್ದರು. ಅದಾದ ಮೇಲೆ ತಮ್ಮ ಮಂಡಿನೋವು, ಮಗನ ಎಸ್ಸೆಸ್ಸಿ ಪರೀಕ್ಷೆ, ವಡೋದರದ ನೀರಿನ ರುಚಿ. ಸುಬ್ಬರಾಯರು 'ಡಬಲ್ ಗುರು ದೋಸೆ' ಎಂದೇ ಒಂದು ದೋಸೆ ಹೊರಡಿಸಿದರು. ಅದನ್ನಿಡಲು ಎರಡು ಮೇಜು ಕೂಡಿಸಬೇಕಿತ್ತು. ಅದರ ಹಿಂದೆ ಕೂತಿದ್ದ ಭರೂಚಿನ ಒಬ್ಬ ವ್ಯಾಪಾರಿ ಕಾಣದೆ, ಮಾಣಿ ಮೇಜು ಖಾಲಿ ಎಂದುಕೊಂಡು ಇನ್ನೊಂದು ಸಂಸಾರವನ್ನು ತಂದು ಕೂರಿಸಿದ್ದನಂತೆ. ಅವರೂ ಅದೇ ದೋಸೆ ತಿಂದು ಎದ್ದರಂತೆ. ದೋಸೆ ಇನ್ನೂ ಉಳಿದಿತ್ತಂತೆ.

ಪಟ್ಟಾಭಿರಾಮ ಟವೆಲ್ಲಿಗೆ ಬೇರೆ ಜಾಗ ನೋಡಿದ. ಶನಿವಾರವೇ ಗಡ್ಡ ಕೆರೆದುಕೊಳ್ಳತೊಡಗಿದ, ಫೋನಿನಲ್ಲಿ ಮುಖ ಕಾಣದಿದ್ದರೂ.

ಆಗಸ್ಟಿನಲ್ಲಿ ಸೂರತ್ತಿನಿಂದ ಫೋನು ಬಂತು. ಉಧ್ನಾದ ಬಟ್ಟೆ ಗಿರಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ರಾಣೆಬೆನ್ನೂರಿನ ಹಾಲಪ್ಪ. ಬೆನ್ನ ಹಿಂದೆ ಸದಾ ಮಗ್ಗಗಳು ಸದ್ದು ಮಾಡುತ್ತಿದ್ದುದರಿಂದ, ಆ ಮನುಷ್ಯ ಇಡೀ ಜನ್ಮ ಕೂಗಿಯೇ ಮಾತಾಡಿದ್ದ.

"ಸರ್ರ, ನಿಮ್ಮ ಗ್ರಹ ಯಾವ ರಾಶ್ಯಾಗ ಐತ್ರಿ?"

"ವೃಷಭದ ಕಡೆ."

"ವೃಷಭ! ಹಂಗಾರ ನಮ್ಮ ಹುಡುಗೀಗೆ ಒಂಬತ್ತನೇ ಮನಿ ಆತು ನೋಡ್ರಿ! ನಮ್ಮ ನಿಶ್ಚಿತಾಂದು ಕನ್ಯಾ ರಾಶಿ. ಹುಡುಗ ಚಲೋ ಅದಾನ, ಹುಡುಗಿ ಒಪ್ಯಾಳ. ಅವರಪ್ಪಗ ಗುರುಬಲ ಬೇಕಂತ. ಗುರು ನೋಡಿದ್ರ ಈಗಷ್ಟ ಸಿಂಹಕ್ಕ ಹೋಗಿ ಕುಂತ. ಇವತ್ತಿಂದ ಇನ್ನೆರಡು ವರ್ಸ ಬಲ ಇಲ್ರಿ. ಅದಕ್ಕ ಕೇಳಾಕತ್ತೀನಿ, ನಿಮ್ಮದು ಯಾವಾಗ ಮುಂದಿನ ಮನಿಗೆ ಹೊಕ್ಕೈತಿ?"

"ಹೋಗಲ್ಲ ಹಾಲಪ್ಪನೋರೇ. ಅದು ಬೇರೆ ನಕ್ಷತ್ರದ ಗ್ರಹ. ಅಲ್ಲೇ ಇರುತ್ತೆ."

"ಅಲ್ಲೇ ಅಂದ್ರ?"

"ನಮ್ಮ ಕಾಲಕ್ಕಂತೂ ವೃಷಭ ಬಿಟ್ಟು ಕದಲಲ್ಲ."

ಉಧ್ನಾದ ಮಗ್ಗಗಳನ್ನೆಲ್ಲ ಮುಳುಗಿಸಿ ಹಾಲಪ್ಪ, "ಪರ್ಮನೆಂಟ್ ಗುರುಬಲ!" ಎಂದು ಕೂಗಿದ್ದು ಅಹಮದಾಬಾದಿಗೆ ಫೋನಿಲ್ಲದೆಯೂ ಕೇಳುವಂತಿತ್ತು. "ಅದೂ ಡಬಲ್! ಗಂಡಿನವರಿಗೆ ಈಗ ಹೇಳತೀನಿ!"

"ಅಲ್ಲ, ಹಂಗಲ್ಲ... ಜಾತಕಕ್ಕೂ ಇದಕ್ಕೂ ಏನೂ ಸಂಬಂಧ..."

"ನಿಮಗ ಗೊತ್ತಿಲ್ಲ ಬಿಡ್ರಿ, ನೀವು ಸೈಂಟಿಸ್ಟ್. ಅಂದಂಗ ನಿಮ್ಮದೂ ಮದುವಿ ಆಗಿಲ್ಲಲ್ರಿ? ನಿಮ್ಮ ರಾಶಿ ಯಾವ್ದು?"

"ವೃಷಭ."

ಹಾಲಪ್ಪ ನಾಲಿಗೆ ಲೊಚಗುಟ್ಟಿದ. "ಜನ್ಮದಾಗ ಬಂತಲ್ರಿ. ಒಂದನೇ ಮನ್ಯಾಗ ಬಲ ಇರಂಗಿಲ್ಲ. ಊರಿಗೆಲ್ಲ ಬರ್ತೈತಿ, ನಿಮಗೊಬ್ಬರಿಗೆ ಬರಂಗಿಲ್ಲ ನೋಡ್ರಿ ನಿಮ್ಮ ಗ್ರಹ."

ಪಟ್ಟಾಭಿರಾಮ ನಗಲು ಹೋದ. ನಗು ಬಂತು, ಆದರೆ ತಡವಾಗಿ, ಫೋನಿಟ್ಟ ಮೇಲೆ. ಕೇಳಲು ಯಾರೂ ಇರಲಿಲ್ಲ.

ಶ್ರಾವಣದಲ್ಲಿ ನಿಶ್ಚಿತಾಳಿಗೆ ನಿಶ್ಚಿತಾರ್ಥವಾಯಿತು. ಮದುವೆ ದೀಪಾವಳಿ ಕಳೆದ ಮೇಲೆ. ನವೆಂಬರಿನ ಕೊನೆಯ ಭಾನುವಾರ ವಡೋದರದಲ್ಲಿ ಸಂಘದ ರಾಜ್ಯೋತ್ಸವ, ಅಲ್ಲಿ ಪಟ್ಟಾಭಿರಾಮರಿಗೆ ಸನ್ಮಾನ ಎಂದು ಸುಬ್ಬರಾಯರು ಘೋಷಿಸಿದರು. ಮೈಸೂರು ಪೇಟಕ್ಕೆ ತಲೆಯ ಅಳತೆಯನ್ನು ಫೋನಿನಲ್ಲೇ ತೆಗೆದುಕೊಂಡರು.

ಹೊಸ ಸಿ.ಡಿ. ಬಂದದ್ದು ಸೆಪ್ಟೆಂಬರಿನಲ್ಲಿ. ಬೇಸಗೆಯಿಡೀ ಸೂರ್ಯನ ಹಿಂದೆ ಮರೆಯಾಗಿದ್ದ ನಕ್ಷತ್ರ ಮತ್ತೆ ಹೊರಬಂದಿತ್ತು. ಪಟ್ಟಾಭಿರಾಮ ಹಳೆಯ ಸ್ನೇಹಿತನನ್ನು ಸ್ಟೇಷನ್ನಿನಲ್ಲಿ ಕಾಯುವವನ ಹಾಗೆ ಕಂಪ್ಯೂಟರಿನ ಮುಂದೆ ಕೂತ. ಗೆರೆಗಳು ಜರುಗಿದವು, ಆದರೆ ಮುಂಚಿನಷ್ಟಲ್ಲ. ಮತ್ತೆ ತೂಗಿದ. ಎರಡು ಗುರು ತೂಗುತ್ತಿದ್ದ ಗ್ರಹ ಮುಕ್ಕಾಲು ಗುರುವಿಗೆ ಇಳಿದಿತ್ತು. ಅದರ ಮೇಲೆ, ಬರಬೇಕಾದ ಹೊತ್ತಿಗೆ ಬಾರದೆ ಎರಡು ದಿನ ತಡವಾಗಿ ಬಂದಿತ್ತು.

ವಿಭಾಗದ ಹಿರಿಯರು ಪಂಡ್ಯಾ ಸಾಹೇಬರು. ತಮ್ಮ ಕೋಣೆಯಲ್ಲಿ ಕುರ್ಚಿ ಬೇಡವೆಂದು ಮನೆಯಿಂದ ಉಯ್ಯಾಲೆ ತಂದು ಹಾಕಿಸಿಕೊಂಡವರು. ತೂಗಿಕೊಳ್ಳುತ್ತಲೇ ಚಿತ್ರ ನೋಡಿದರು.

"ಚಾತುರ್ಮಾಸದ ಉಪವಾಸ ಹಿಡಿದಿತ್ತೇನೋ" ಎಂದರು ನಗದೆ. ಆಮೇಲೆ ಉಯ್ಯಾಲೆ ನಿಲ್ಲಿಸಿದರು. ಅವರು ಉಯ್ಯಾಲೆ ನಿಲ್ಲಿಸಿದ್ದನ್ನು ಆ ಸಂಸ್ಥೆಯಲ್ಲಿ ಯಾರೂ ನೋಡಿರಲಿಲ್ಲ. "ಪಟ್ಟಾಭಿ ಭಾಯ್, ಗ್ರಹ ತೂಕ ಇಳಿಸೋದಿಲ್ಲ. ಎಳೇ ನಕ್ಷತ್ರ ಇದು. ಸುಮ್ಮನೆ ಕೂರೋದಿಲ್ಲ. ಎಳೀತಿರೋದು ಗ್ರಹಾನೋ, ನಕ್ಷತ್ರವೇ ನಿಮ್ಮನ್ನ ಆಟ ಆಡಿಸ್ತಿದೆಯೋ, ನೋಡಿ."

ಪಟ್ಟಾಭಿರಾಮ ನೋಡಲಿಲ್ಲ. ಹೇಗೆ ನೋಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೆರೆ ಎಷ್ಟು ಸರಿಯಿತು ಎನ್ನುವುದು ಸಾಲದು, ಅದರ ಆಕಾರ ನೋಡಬೇಕು. ಗ್ರಹ ಎಳೆದರೆ ಗೆರೆ ಇದ್ದ ಹಾಗೇ ಇಡಿಯಾಗಿ ಸರಿಯುತ್ತದೆ. ನಕ್ಷತ್ರದ ಮೈಮೇಲೆ ದೊಡ್ಡ ಕಪ್ಪು ಕಲೆ ಇದ್ದು ಅದು ತಿರುಗುತ್ತಿದ್ದರೆ ಗೆರೆ ಸೊಟ್ಟಗಾಗುತ್ತದೆ. ಅರ್ಧ ದಿನದ ಕೆಲಸ. ಮೊದಲ ಸಲ ತೂಗುವಾಗಲೇ ಅವನು ಅದನ್ನು ಮಾಡಿಬಿಡಬೇಕಿತ್ತು, ಖುಷಿಯಲ್ಲಿ ಬಿಟ್ಟಿದ್ದ. ಈಗ ಮಾಡಲು ಕೈ ಬರಲಿಲ್ಲ. ಗ್ರಹ ಹೋದರೆ ಭಾನುವಾರದ ಫೋನೂ ಹೋಗುತ್ತದೆ ಎಂಬುದು ಅವನಿಗೆ ಲೆಕ್ಕವಿಲ್ಲದೆಯೇ ಗೊತ್ತಿತ್ತು.

"ಹೇಗುಂಟು?" ಎಂದರು ಸುಬ್ಬರಾಯರು ಆ ಭಾನುವಾರ.

"ಸ್ವಲ್ಪ... ಇಳಿದಿದೆ ಸಾರ್."

"ಮಳೆಗಾಲ ಅಲ್ವಾ, ಇಳೀತದೆ. ನಮ್ಮ ಜಯಂತಿಯೂ ಇಳಿದಿದ್ದಾಳೆ."

ಹಿಂದಿನಿಂದ ಜಯಂತಮ್ಮನ ದನಿ ಕೇಳಿತು: "ಎಲ್ಲಿ ಇಳಿದದ್ದು? ಆ ಗ್ರಹದ ತೂಕವೆಲ್ಲ ನನ್ನ ಸೊಂಟಕ್ಕೇ ಬಂದದ್ದು!"

ನವರಾತ್ರಿ ಬಂತು. ಸೊಸೈಟಿಯ ಅಂಗಳದಲ್ಲಿ ಸಂಜೆ ದೀಪ ಹಚ್ಚಿ ಗರ್ಬಾ ಸುರುವಾಯಿತು. ಒಂಬತ್ತು ದಿನವೂ ಪಟ್ಟಾಭಿರಾಮ ಮೀಟರ್ ಬೋರ್ಡಿನ ಪಕ್ಕದ ಕಂಬಕ್ಕೊರಗಿ ನಿಂತು ನೋಡುತ್ತಿದ್ದ. ಮೊದಲ ವರ್ಷ ಪಟೇಲರು "ಬನ್ನಿ, ಬನ್ನಿ" ಎಂದು ಕರೆದಿದ್ದರು. ಇವನು ನಾಚಿ ಬೇಡವೆಂದು ತಲೆಯಾಡಿಸಿದ್ದ. ಆಮೇಲಿನ ಎರಡು ವರ್ಷ ಕೈ ಬೀಸಿದರು. ಈ ವರ್ಷ ಯಾರೋ ಅವನ ಹೆಗಲ ಮೇಲೆ ತಮ್ಮ ಶಾಲು ಹಾಕಿ ಆಡಲು ಹೋದರು. ಕಂಬದ ಇನ್ನೊಂದು ಭಾಗ ಎಂದು ತಿಳಿದಿರಬೇಕು.

ಕನ್ನಡಿ ಕೂರಿಸಿದ ಲಂಗಗಳು ದೀಪಕ್ಕೆ ಮಿಂಚುತ್ತ ದೊಡ್ಡ ಉಂಗುರವಾಗಿ ಸುತ್ತುತ್ತಿದ್ದವು. ಅರ್ಧ ಉಂಗುರ ಅವನ ಕಡೆಗೆ ಬರುತ್ತಿತ್ತು, ಇನ್ನರ್ಧ ದೂರ ಹೋಗುತ್ತಿತ್ತು. ಬರುವಷ್ಟೇ ಜನ ಹೋಗುತ್ತಿದ್ದರಾದ್ದರಿಂದ ಉಂಗುರ ಒಟ್ಟಿನಲ್ಲಿ ನಿಂತಲ್ಲೇ ನಿಂತಂತಿತ್ತು. ಒಂದು ರಾತ್ರಿ ನಡುವೆ ಒಂದಷ್ಟು ಕಾಲೇಜು ಹುಡುಗಿಯರು ಮಾತಾಡಿಕೊಂಡು ಕನ್ನಡಿಯಿಲ್ಲದ ಕಪ್ಪು ಲಂಗ ಹಾಕಿಕೊಂಡು ಬಂದಿದ್ದರು. ಆ ಕಪ್ಪು ಗುಂಪು ಇತ್ತ ಬರುವ ಅರ್ಧಕ್ಕೆ ಬಂದಾಗ, ಬರುವವರ ಮಿಂಚು ಕಡಿಮೆಯಾಗಿ, ಹೋಗುವವರ ಮಿಂಚೇ ಕಣ್ಣಿಗೆ ತುಂಬಿ, ಇಡೀ ಗರ್ಬಾವೇ ಅವನಿಂದ ದೂರ ಸರಿದಂತೆ ಕಂಡಿತು. ಗುಂಪು ಆಚೆ ಅರ್ಧಕ್ಕೆ ಹೋದಾಗ ಇಡೀ ಗರ್ಬಾ ಅವನ ಕಡೆ ತೇಲಿ ಬಂದಂತೆ ಕಂಡಿತು. ಹತ್ತಿರ ಬಂತು, ದೂರ ಹೋಯಿತು. ಅಂಗಳದಿಂದ ಒಂದು ಗೇಣೂ ಕದಲದೆ.

ಮಾರನೆಯ ದಿನ ಆ ಹುಡುಗಿಯರಲ್ಲಿ ಜಗಳವಾಗಿ ಅರ್ಧ ಜನ ಬರಲಿಲ್ಲ. ಗರ್ಬಾ ಸರಿದಾಡಿದ್ದೂ ಅರ್ಧ.

ಪಟ್ಟಾಭಿರಾಮ ಹೆಗಲ ಮೇಲಿದ್ದ ಯಾರದೋ ಶಾಲನ್ನು ಕಂಬಕ್ಕೆ ಸುತ್ತಿ ಮೇಲೆ ಹೋದ. ಮರುದಿನ ಹತ್ತು ಗಂಟೆಗೆ ಕಚೇರಿಗೆ ಹೋಗಿ ಗೆರೆಗಳ ಆಕಾರ ನೋಡಿದ. ಸೊಟ್ಟಗಿದ್ದವು. ಒಂದೂ ಬಿಡದೆ, ಮದುವೆಮನೆಯಲ್ಲಿ ಮುನಿಸಿಕೊಂಡವರ ಮೂತಿಯ ಹಾಗೆ, ಒಂಬತ್ತು ದಿನಕ್ಕೊಮ್ಮೆ ಎಡಕ್ಕೆ, ಆಮೇಲೆ ಬಲಕ್ಕೆ. ನಕ್ಷತ್ರ ತನ್ನ ಸುತ್ತ ತಾನು ಒಂದು ಸಲ ತಿರುಗಲೂ ಒಂಬತ್ತು ದಿನ. ಯಾರೂ ಎಳೆದಿರಲಿಲ್ಲ. ಅದು ತನ್ನ ಕಲೆಗಳನ್ನು ಹೊತ್ತು ಒಂದೇ ಸುತ್ತುತ್ತಿತ್ತು, ಅಷ್ಟೆ.

"ಗ್ರಹ ಇಲ್ಲ ಅಂತ ಬರೀಲಾ?" ಎಂದು ಪಂಡ್ಯಾ ಸಾಹೇಬರನ್ನು ಕೇಳಿದ.

"ಇಲ್ಲ ಅನ್ನೋದಕ್ಕೆ ನಿಮಗೇನು ಗೊತ್ತು?" ಉಯ್ಯಾಲೆ ಮತ್ತೆ ತೂಗತೊಡಗಿತ್ತು. "ಇಷ್ಟು ಗಲಾಟೆಯೊಳಗೆ ಒಂದು ಸಣ್ಣದು ಎಲ್ಲೋ ಸುಮ್ಮನೆ ಸುತ್ತುತ್ತಾ ಇರಬಹುದು. ಇದ್ದರೂ ನಮಗೆ ಕೇಳಿಸೋದಿಲ್ಲ. ಗೊತ್ತಾಗಲಿಲ್ಲ ಅಂತ ಬರೀರಿ."

ಏಳೆಂಟು ಭಾನುವಾರ ಫೋನು ಬಂತು. ಪ್ರತಿ ಸಲವೂ ಪಟ್ಟಾಭಿರಾಮ "ಚೆನ್ನಾಗಿದೆ" ಎಂದ. ಹಾಲಪ್ಪ ಮದುವೆಗೆ ಕರೆದಾಗ ಜ್ವರ ಎಂದ. ಜ್ವರಕ್ಕೆ ಏನು ಮಾಡಬೇಕೆಂದು ಜಯಂತಮ್ಮ ಅರ್ಧ ಗಂಟೆ ಹೇಳಿದರು, ಇವನು ಇಲ್ಲದ ಜ್ವರಕ್ಕೆ ಕಷಾಯ ಮಾಡಿ ಕುಡಿದ. ಆದರೆ ಸನ್ಮಾನದ ದಿನ ಹತ್ತಿರ ಬಂತು. ಇಲ್ಲದ ಗ್ರಹದ ಹೆಸರಲ್ಲಿ ಪೇಟ ಸುತ್ತಿಸಿಕೊಂಡು ಬಂದರೆ ಇನ್ನು ಯಾವ ಮಾತನ್ನೂ ತನಗೆ ತಾನೇ ನಂಬಲಾಗುವುದಿಲ್ಲ ಎನಿಸಿತು. ವೇದಿಕೆಯ ಮೇಲೆ, ಎಲ್ಲರ ಎದುರು, ಹೇಳಿಬಿಡುವುದೆಂದು ನಿರ್ಧರಿಸಿದ. ಆಮೇಲೆ ಫೋನು ಬಾರದಿದ್ದರೆ ಬಾರದಿರಲಿ.

ವಡೋದರದ ಸಭಾಂಗಣದಲ್ಲಿ ಇನ್ನೂರು ಜನ ಸೇರಿದ್ದರು. ಸುಬ್ಬರಾಯರ ಮಗಳು ಪ್ರತೀಕ್ಷಾ ನಿರೂಪಕಿ. ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಕೈಯಲ್ಲಿದ್ದ ಚೀಟಿಯ ಕನ್ನಡವನ್ನು ಗುಜರಾತಿ ಲಿಪಿಯಲ್ಲಿ ಬರೆದುಕೊಂಡು, ಭಜನೆಯ ಧಾಟಿಯಲ್ಲಿ ಓದಿದಳು. ಪೇಟ ಇಟ್ಟರು. ಫೋನಿನಲ್ಲಿ ತೆಗೆದ ಅಳತೆಯಾದ್ದರಿಂದ ಅದು ಕಣ್ಣಿನವರೆಗೆ ಇಳಿಯಿತು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಕೊಟ್ಟರು.

ಪಟ್ಟಾಭಿರಾಮ ಪೇಟವನ್ನು ಮೇಲೆತ್ತಿಕೊಂಡು ಹೇಳಿದ: "ಈ ಸನ್ಮಾನಕ್ಕೆ ನಾನು ಯೋಗ್ಯ ಅಲ್ಲ."

ಚಪ್ಪಾಳೆ.

"ನಾನು ಏನೂ ಕಂಡುಹಿಡಿದಿಲ್ಲ."

ಇನ್ನೂ ದೊಡ್ಡ ಚಪ್ಪಾಳೆ. ಮುಂದಿನ ಸಾಲಿನ ಅನಂತರಾಮರು ಪಕ್ಕದವರಿಗೆ, "ಎಷ್ಟು ವಿನಯ ನೋಡಿ" ಎಂದದ್ದು ಮೈಕಿನವರೆಗೂ ಕೇಳಿತು.

ಅವನಿಗೆ ಆಗ ಹೊಳೆಯಿತು. ಸನ್ಮಾನ ಮಾಡಿಸಿಕೊಂಡವರು ಯಾರು ತಾನೇ ಹಾಗೆ ಹೇಳುವುದಿಲ್ಲ? ನಲವತ್ತು ಪುಸ್ತಕ ಬರೆದವರು ನಾನೇನೂ ಬರೆದಿಲ್ಲ ಎನ್ನುತ್ತಾರೆ. ಸಾವಿರ ಆಪರೇಷನ್ ಮಾಡಿದ ಡಾಕ್ಟರು ನನ್ನದೇನೂ ಇಲ್ಲ ಎನ್ನುತ್ತಾರೆ. ಆ ವೇದಿಕೆಯ ಮೇಲೆ ನಿಜ ಹೇಳಲು ದಾರಿಯೇ ಇರಲಿಲ್ಲ. ಆದರೂ ಬೆವರೊರೆಸಿಕೊಂಡು, "ದಯವಿಟ್ಟು ಕೇಳಿ, ಆ ಗ್ರಹ ಇಲ್ಲ. ತೂಗಿದ್ದು ನಕ್ಷತ್ರದ ಕಲೆ. ನಂದು ತಪ್ಪು" ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಬ್ಬರಾಯರು ಮೈಕು ಕಸಿದುಕೊಂಡು, ಗದ್ಗದಿತರಾಗಿ, "ದೊಡ್ಡವರು ಯಾವತ್ತೂ ಹೀಗೇ" ಎಂದರು. ಪ್ರತೀಕ್ಷಾ ವಂದನಾರ್ಪಣೆಯನ್ನು ಭಜನೆ ಮಾಡಿದಳು.

ಊಟದ ಹೊತ್ತಿಗೆ ಪಟ್ಟಾಭಿರಾಮ ಸುಬ್ಬರಾಯರನ್ನು ಕೈಹಿಡಿದು ಕೈತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋದ.

"ಸುಬ್ಬರಾಯ್ರೇ, ವಿನಯ ಅಲ್ಲ. ನಿಜವಾಗ್ಲೂ ಇಲ್ಲ."

"ಎಂತದು?"

"ಗ್ರಹ."

ಸುಬ್ಬರಾಯರು ತೊಳೆಯುತ್ತಿದ್ದ ಕೈ ಹಿಂದಕ್ಕೆಳೆದರು. ನಲ್ಲಿ ನಿಲ್ಲಿಸಿದರು. ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ಕೇಳುವಂತೆ, "ಯಾವಾಗ ಹೋದದ್ದು?" ಎಂದರು.

"ಹೋಗಿದ್ದಲ್ಲ ಸಾರ್. ಮೊದಲಿಂದ್ಲೂ ಇರ್ಲಿಲ್ಲ."

"ಛೆ ಛೆ. ಹಾಗೆ ಹೇಳ್ಬೇಡಿ. ಇದ್ದಷ್ಟು ದಿನ ಚೆನ್ನಾಗಿತ್ತಲ್ಲ."

ಜಯಂತಮ್ಮನಿಗೆ ಸುದ್ದಿ ಹೋಯಿತು. ಅವರು ಪಂಕ್ತಿಗೆ ಬಂದು ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದರು. ಪಟ್ಟಾಭಿರಾಮ ಎದುರಿಗೆ ಕೂತಿದ್ದ ಹಾಲಪ್ಪನ ಕಡೆ ತಿರುಗಿದ. ಇದಕ್ಕಾಗಿಯೇ ಅವನು ತಿಂಗಳಿಡೀ ನಿದ್ದೆಗೆಟ್ಟಿದ್ದ.

"ಹಾಲಪ್ಪನೋರೇ, ನಿಮ್ಮ ಮಗಳ ಗುರುಬಲ..."

"ಕೇಳಿದೆ ಬಿಡ್ರಿ" ಎಂದು ಹಾಲಪ್ಪ ಹಪ್ಪಳ ಮುರಿದ. "ಮದುವಿ ಮುಗದೈತಿ. ಹುಡುಗಿ ಆಗ್ಲೇ ಅತ್ತೀಗೆ ಎದುರು ಮಾತಾಡಾಕ ಹತ್ತ್ಯಾಳಂತ. ಇನ್ನ ಗ್ರಹ ಇದ್ರೇನ್ರಿ, ಬಿಟ್ರೇನ್ರಿ. ಸಾರು ಈ ಕಡೆ ಕೊಡ್ರಿ."

ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ಪೇಟ ವಾಪಸು ಕೇಳಲಿಲ್ಲ. ಸಂಜೆಯ ರೈಲಿನಲ್ಲಿ ಪಟ್ಟಾಭಿರಾಮ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಹಮದಾಬಾದಿಗೆ ಹೋದ. ಹೊತ್ತಿದ್ದ ತೂಕ ಇಳಿದಿತ್ತು. ಇಳಿದ ಜಾಗ ಖಾಲಿಯಾಗಿತ್ತು.

ಮುಂದಿನ ಭಾನುವಾರ ಶೇವ್ ಮಾಡಿಕೊಂಡು ಕೂತ. ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮುನಿಸೇನಲ್ಲ. ಪಾಪ, ಅವರು ಏನಂತ ಕೇಳಬೇಕು? ಸತ್ತವರ ತೂಕ ಯಾರು ಕೇಳುತ್ತಾರೆ? ಟವೆಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಫೋನಿನ ಮುಂದೆ ನಿಂತ. ಸಂಕ್ರಾಂತಿಯ ಹೊತ್ತಿಗೆ ಇಡೀ ಅಹಮದಾಬಾದು ತಾರಸಿಯ ಮೇಲಿತ್ತು. ಕೆಳಗೆ ಉಳಿದವನು ಇವನೊಬ್ಬನೇ. ಗಾಳಿಪಟ ಕತ್ತರಿಸಿದಾಗಲೆಲ್ಲ ಮೇಲಿನಿಂದ "ಕಾಯ್ಪೋ ಛೇ!" ಎಂಬ ಕೂಗು ಕೇಳುತ್ತಿತ್ತು. ಒಂದು ಕಡಿದ ಗಾಳಿಪಟ ಬಂದು ಅವನ ಕಿಟಕಿಗೆ ಸಿಕ್ಕಿಕೊಂಡಿತು. ಅದನ್ನು ಕೇಳಿಕೊಂಡು ಯಾರಾದರೂ ಬರುತ್ತಾರೆಂದು ಸಂಜೆಯವರೆಗೆ ಬಾಗಿಲು ತೆರೆದಿಟ್ಟ. ಕರೆಗಂಟೆ ಇನ್ನೂ ಕೆಟ್ಟೇ ಇತ್ತಲ್ಲ.

ಅದರ ಮುಂದಿನ ಭಾನುವಾರ ಅವನು ಇಷ್ಟು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ತಾನೇ ನಂಬರು ಒತ್ತಿದ.

"ಹಲೋ, ಉಡುಪಿ ಹೋಟೆಲ್." ಸುಬ್ಬರಾಯರ ದನಿ. ಹಿಂದೆ ತಟ್ಟೆಗಳ ಸದ್ದು.

"ನಾನು ಸಾರ್, ಪಟ್ಟಾಭಿರಾಮ."

"ಓ! ಎಂತ, ಮತ್ತೆ ಹುಟ್ಟಿತಾ?"

"ಇಲ್ಲ ಸಾರ್. ಹಂಗೇ... ಸುಮ್ನೆ ಮಾಡ್ದೆ."

"ಸುಮ್ನೆಯಾ?" ಸುಬ್ಬರಾಯರು ಆ ಪದವನ್ನು ಖೋಟಾ ನಾಣ್ಯ ನೋಡುವಂತೆ ಒಂದು ಗಳಿಗೆ ತಿರುಗಿಸಿ ನೋಡಿದರು. ಸಂಘದ ಇತಿಹಾಸದಲ್ಲಿ ಯಾರೂ ಎಸ್‌ಟಿಡಿ ಮಾಡಿ ಸುಮ್ಮನೆ ಎಂದಿರಲಿಲ್ಲ. "ಸುಮ್ನೆ ಮಾಡಿದ್ರಾ... ಸರಿ, ಸರಿ. ಈಗ ಭಯಂಕರ ರಶ್ ಮಾರಾಯ್ರೆ. ಇಡ್ಬೇಡಿ, ಲೈನಲ್ಲೇ ಇರಿ. ಬಂದೆ."

ರಿಸೀವರನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ ಸದ್ದು ಕೇಳಿತು.

ಸುಬ್ಬರಾಯರು ಬರಲಿಲ್ಲ. ಲೋಟಗಳು ಒಂದಕ್ಕೊಂದು ತಾಗಿದವು. ಯಾರೋ "ಎರಡು ಸಾದಾ, ಒಂದು ಡಬಲ್ ಗುರು!" ಎಂದು ಒಳಗೆ ಕೂಗಿದರು. ಗ್ರಹ ಹೋದರೂ ದೋಸೆ ಉಳಿದಿತ್ತು. ಇನ್ನೊಬ್ಬ ಗುಜರಾತಿಯಲ್ಲಿ, ಇದು ಮುಂಚಿಗಿಂತ ಚಿಕ್ಕದಾಗಿದೆ ಎಂದು ತಕರಾರು ತೆಗೆದ. ಜಯಂತಮ್ಮ ಯಾರಿಗೋ ಬೈದರು. ಅನಂತರಾಮರ ಕೆಮ್ಮು ಬಂತು, ಹೋಯಿತು. ಕುರ್ಚಿ ಎಳೆದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರ ಮಾತೂ ಬಿಡಿಯಾಗಿ ತಿಳಿಯುತ್ತಿರಲಿಲ್ಲ.

ಪಟ್ಟಾಭಿರಾಮ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡ. ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಕಣ್ಣು ಮುಚ್ಚಿ, ಆ ಗಲಾಟೆಯೊಳಗೆ ಯಾರಾದರೂ ತನ್ನ ಹೆಸರು ಹೇಳುತ್ತಾರೇನೋ ಎಂದು ಆಲಿಸತೊಡಗಿದ. ಹೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಅವನು ಫೋನಿಡಲಿಲ್ಲ.